ಅಮ್ಮನ ಮಡಿ

ಕಳೆದ ವರ್ಷ ಅಕ್ಕ ತೀರಿಕೊಂಡು, ಅವಳ ಬೊಜ್ಜದ ಊಟಕ್ಕೆಂದು ಕೊಲ್ಕತ್ತಕ್ಕೆ ಹೋಗಿದ್ದೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ, ಕಮಲಕ್ಕ. ಬೆಹಾಲಾದ ಅವರ ಮನೆಯೊಳಗೆ ಹೋಮದ ಹೊಗೆ, ಭಟ್ಟರ ಗಡಿಬಿಡಿ, ಕಾಲಿಡಲು ಜಾಗವಿಲ್ಲದಷ್ಟು ಜನ. ನನ್ನ ಮಗಳು ವಾಣಿ ಅಡಿಗೆಮನೆಯ ಬಾಗಿಲಿಗೆ ಒರಗಿ ಮೂಗು ಕೆಂಪಾಗುವ ಹಾಗೆ ಅಳುತ್ತ ಕೂತಿದ್ದಳು. ಹತ್ತಿರ ಹೋಗಿ ನಿಂತೆ. ಅವಳು ಕಣ್ಣೊರೆಸಿಕೊಂಡು ಎದ್ದು, ಒಂದು ಕುರ್ಚಿ ಎಳೆದು ಹಾಕಿ, "ನಿಂತ್ಕೋಬೇಡಮ್ಮ, ಬೆನ್ನು ನೋಯ್ತದೆ" ಅಂದಳು. ನನ್ನ ಬೆನ್ನು ನೋಯುವುದು ನಿಂತು ಒಂದು ತಲೆಮಾರೇ ಕಳೆಯಿತು. ಅದು ಅವಳಿಗೂ ಗೊತ್ತು.

ಅಲ್ಲಿ ಕೂರಲಾಗಲಿಲ್ಲ. ಸಂಜೆ ಒಬ್ಬಳೇ ಬಸ್ಸು ಹತ್ತಿ ಸದರ್ನ್ ಅವೆನ್ಯೂಗೆ ಬಂದೆ. ಇಳಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಾಲೆ ಮರದ ಹೂವಿನ ವಾಸನೆ ಮೂಗಿಗೆ ಬಡಿಯಿತು. ನಮ್ಮ ಬ್ರಹ್ಮಾವರದ ಕಡೆ ಹಾಲೆ ಮರವೆಂದರೆ ಕೆತ್ತೆ, ಅದರ ತೊಗಟೆ, ಮಾತ್ರ. ಆಟಿ ಅಮಾವಾಸ್ಯೆಯ, ಅಂದರೆ ಆಷಾಢದ ಅಮಾವಾಸ್ಯೆಯ, ಬೆಳಿಗ್ಗೆ ಬರಿಹೊಟ್ಟೆಗೆ ಅದರ ಕೆತ್ತೆಯ ಕಷಾಯ ಕುಡಿಸುತ್ತಾರೆ. ಅಂಥ ಕಹಿ ಈ ಲೋಕದಲ್ಲಿ ಇನ್ನೊಂದಿಲ್ಲ. ಆ ಮರಕ್ಕೂ ಹೂವಾಗುತ್ತದೆ, ಅದಕ್ಕೂ ಪರಿಮಳವಿದೆ ಎಂದು ನಾನು ತಿಳಿದದ್ದೇ ಬಂಗಾಳಕ್ಕೆ ಬಂದ ಮೇಲೆ. ಅಲ್ಲಿಯವರು ಅದನ್ನು ಛಾತಿಮ್ ಅನ್ನುತ್ತಾರೆ. ಛಾತಿಮ್ ಅರಳಿತೆಂದರೆ ದುರ್ಗಾಪೂಜೆ ಬಂತೆಂದು ಅವರಿಗೆ ಹಿಗ್ಗೋ ಹಿಗ್ಗು. ನನಗೆ ಮಾತ್ರ ಆ ಹಿಗ್ಗಿಲ್ಲ. ಒಂದು ಇಡೀ ಮಳೆಗಾಲ ಆ ವಾಸನೆಯೊಳಗೆ ಕೂತುಬಿಟ್ಟಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಗೋಡೆಗಳ ತುಂಬ ಕೆಂಪು ಬಣ್ಣದ ಬರಹ, ಬೀದಿಯಲ್ಲಿ ಮೆರವಣಿಗೆ, ಮನೆಯಲ್ಲಿ ಲೋಡ್‌ಶೆಡ್ಡಿಂಗ್. ನೆಲದಡಿಯಲ್ಲಿ ಪಾತಾಳ ರೈಲು ಬರುತ್ತದೆಂದು ಕಾಳಿಘಾಟಿನ ಕಡೆ ರಸ್ತೆಯ ಹೊಟ್ಟೆ ಸೀಳಿ ಹಾಕಿದ್ದರು. ನಾವಿದ್ದದ್ದು ಸದರ್ನ್ ಅವೆನ್ಯೂವಿನ ಹಿಂದಿನ ಗಲ್ಲಿಯಲ್ಲಿ, ಹಳೆಯ ಬಂಗಾಳಿ ಮನೆಯೊಂದರ ಕೆಳಗಿನ ಅಂತಸ್ತಿನಲ್ಲಿ. ಭಾವನೂ ನಮ್ಮವರೂ ಸೇರಿ ಹತ್ತಿರದಲ್ಲೇ ಇಡ್ಲಿ-ದೋಸೆಯ ಹೋಟೆಲು ನಡೆಸುತ್ತಿದ್ದರು. ಮನೆಯಲ್ಲಿ ಅತ್ತೆ, ಕಮಲಕ್ಕ, ನಾನು, ಮಗು. ಕಮಲಕ್ಕನಿಗೆ ಮಕ್ಕಳಿರಲಿಲ್ಲ.

ಹೋಟೆಲಿನಲ್ಲಿ ಮೀನು ತಿಂದ ಕೈಯೂ ಬಂದು ದೋಸೆ ಮುರಿಯುತ್ತದೆ, ಸರಿ. ಮನೆಯಲ್ಲಿ ಮಾತ್ರ ಅತ್ತೆಯ ಮಡಿ ಊರಿನಲ್ಲಿದ್ದದ್ದಕ್ಕಿಂತ ಒಂದು ಹಿಡಿ ಹೆಚ್ಚು. ನಸುಕಿನಲ್ಲಿ ನಲ್ಲಿಗೆ ಕಾರ್ಪೊರೇಷನ್ ನೀರು ಬಂದ ಕೂಡಲೇ ಮಿಂದು, ಒದ್ದೆ ಸೀರೆಯುಟ್ಟು ಒಲೆಯ ಮುಂದೆ ಹೋದರೆಂದರೆ, ನೈವೇದ್ಯವಾಗಿ ಊಟ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವ ಹಾಗಿಲ್ಲ. ವಾಣಿಗೆ ಮಾತು ಬರುವ ಮೊದಲೇ ಇದು ಬರುತ್ತಿತ್ತು. ಅಜ್ಜಿ ಎದುರಾದರೆ ಸೆರಗಿನ ಗಾಳಿಯೂ ತಾಗದ ಹಾಗೆ ಗೋಡೆಗೆ ಅಂಟಿ ನಿಲ್ಲುತ್ತಿದ್ದಳು. ಅತ್ತೆಗೆ ಮೊಮ್ಮಗಳ ಮೇಲೆ ಬಹಳ ಹೆಮ್ಮೆ.

ನನ್ನ ನೋವು ಶುರುವಾದದ್ದು ವಾಣಿ ಮೊಲೆ ಕುಡಿಯುವ ಕೂಸಾಗಿದ್ದಾಗ. ಅವಳಿಗೆ ಎಣ್ಣೆ ಹಚ್ಚಿ ಮಲಗಿಸಿ, ಬಚ್ಚಲಿಗೆ ಬಿಸಿನೀರಿನ ಹಂಡೆ ಎತ್ತಿಕೊಂಡು ಹೊರಟವಳು. ಸೊಂಟದಲ್ಲಿ ಏನೋ ಚಳಕ್ ಎಂದಿತು. ನೀರು ಚೆಲ್ಲಿ, ಹಂಡೆ ಉರುಳಿ, ನಾನು ಗೋಡೆ ಹಿಡಿದು ಕೂತೆ. ಆ ದಿನದಿಂದ ಎದ್ದದ್ದು ಇಲ್ಲವೇ ಇಲ್ಲ ಎಂದರೂ ನಡೆಯುತ್ತದೆ. ಹಲಗೆಯ ಮೇಲೆ ಮಲಗಿಸಿದರು. ಕಾಲಿಗೆ ತೂಕ ಕಟ್ಟಿ ಎಳೆದರು. ಸೊಂಟಕ್ಕೆ ಪಟ್ಟಿ ಬಿಗಿದರು. ಊರಿಂದ ಎಣ್ಣೆ ಬಂತು, ಅಲ್ಲಿಯ ಹೋಮಿಯೋಪತಿಯ ಸಕ್ಕರೆ ಗುಳಿಗೆ ಬಂತು. ಅತ್ತೆ ನನ್ನನ್ನು ಕಾಳಿಘಾಟಿನ ಕಾಳಿಯ ಗುಡಿಗೂ ಕರೆದುಕೊಂಡು ಹೋಗಿ ಸೊಂಟಕ್ಕೆ ಕೆಂಪು ದಾರ ಕಟ್ಟಿಸಿದರು. ಅಲ್ಲಿ ಕುರಿ ಕಡಿಯುವುದನ್ನು ಕಂಡು ಕಣ್ಣು ಮುಚ್ಚಿ, "ತಾಯೇ, ನನ್ನ ಮಡಿಯೂ ಹೋಯಿತು, ಇವಳ ನೋವಾದರೂ ಹೋಗಲಿ" ಎಂದು ಬೇಡಿಕೊಂಡರು. ಮಡಿ ಹೋದದ್ದೇ ಬಂತು.

ನೋವಿಗಿಂತ ನೋವಿನ ಸಂಸಾರ ದೊಡ್ಡದು. ಬಗ್ಗಬೇಡ, ಎತ್ತಬೇಡ, ನೆಲದ ಮೇಲೆ ಕೂರಬೇಡ. ಎಲ್ಲರೂ ಎಲೆಯ ಮುಂದೆ ಮಣೆ ಹಾಕಿ ಕೂತರೆ ನನಗೆ ಮಾತ್ರ ಮೂಲೆಯಲ್ಲಿ ಸ್ಟೂಲು. ಯಾರೂ ನನ್ನನ್ನು ಬೈಯಲಿಲ್ಲ, ಅದೇ ದೊಡ್ಡ ಕಷ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನನ್ನ ನಾಲಿಗೆಗೇನೂ ನೋವಿರಲಿಲ್ಲವಲ್ಲ. ಎಲ್ಲರೂ ಪ್ರೀತಿಯಿಂದ ನನ್ನನ್ನು ಮಲಗಿಸಿದರು. ನಮ್ಮವರು ಬಾಯಿಲ್ಲದ ಮನುಷ್ಯ. ಹೋಟೆಲಿನಿಂದ ಬಂದು ಬಿಸಿನೀರಿನ ಚೀಲ ತುಂಬಿಸಿ ನನ್ನ ಬೆನ್ನಿಗಿಟ್ಟು ಪಕ್ಕದಲ್ಲಿ ಕೂರುತ್ತಿದ್ದರು.

ಮಗುವನ್ನು ಮೀಯಿಸುವುದು, ತೊಟ್ಟಿಲಿಂದ ಎತ್ತುವುದು, ಸೊಂಟದ ಮೇಲೆ ಕೂರಿಸಿಕೊಂಡು ಅನ್ನ ತಿನ್ನಿಸುವುದು, ಎಲ್ಲ ಕಮಲಕ್ಕನ ಪಾಲಿಗೆ ಹೋಯಿತು. ಅವರು ಚೆನ್ನಾಗಿಯೇ ನೋಡಿಕೊಂಡರು. ವಾಣಿ ನಡೆಯಲು ಕಲಿತು ನನ್ನ ಮಂಚದ ಕಡೆ ಓಡಿ ಬಂದರೆ ಅಕ್ಕ ಹಿಂದಿನಿಂದ ಬಂದು ಎತ್ತಿಕೊಂಡು, "ಅಮ್ಮನ ಮೇಲೆ ಬೀಳಬಾರದು ಪುಟ್ಟಾ, ಅಮ್ಮನಿಗೆ ನೋವಾಗ್ತದೆ. ಅಮ್ಮನ ಬೆನ್ನು ಮುರಿದರೆ ಅಮ್ಮ ಹೋಗಿಬಿಡ್ತಾಳೆ" ಅನ್ನುತ್ತಿದ್ದರು. ನನಗೂ ಅದು ಸರಿಯೆಂದೇ ಅನಿಸುತ್ತಿತ್ತು. ಅವಳು ಓಡಿ ಬರುವುದನ್ನು ಕಂಡರೆ ನನ್ನ ಮೈ ತಾನಾಗಿ ಬಿಗಿಯುತ್ತಿತ್ತು. ಹೆತ್ತ ಮಗು ಬರುತ್ತಿದೆ ಎಂದು ಹೆದರುವ ತಾಯಿಯನ್ನು ನೀವು ಕಂಡಿದ್ದೀರಾ? ನಾನಿದ್ದೆ.

ವಾಣಿಗೆ ಮೂರು ತುಂಬಿದ ವರ್ಷ, ಬೇಸಗೆ ಮುಗಿಯುವ ಹೊತ್ತಿಗೆ ಭಾವ ಒಂದು ಮಧ್ಯಾಹ್ನ ಊಟಕ್ಕೆ ಕೂತವರು, "ಬೆಹಾಲಾದಲ್ಲಿ ಜಾಗ ಸಿಕ್ಕಿತು. ವಿಜಯದಶಮಿಗೆ ಅಲ್ಲಿ ಇನ್ನೊಂದು ಹೋಟೆಲು ಸುರು. ನಾನೂ ಕಮಲನೂ ಅಲ್ಲೇ ಮನೆ ಮಾಡುದು" ಅಂದರು. ಆಮೇಲೆ ಹುಳಿ ಬಡಿಸಿಕೊಳ್ಳುತ್ತ, ಮಾತಿನ ನಡುವೆ ಮಾತು ಎಂಬಂತೆ, "ಮಗು ನಮ್ಮ ಒಟ್ಟಿಗೆ ಬರ್ಲಿ. ಇಲ್ಲಿ ಅವಳನ್ನು ನೋಡುವವರು ಯಾರುಂಟು?" ಅಂದರು.

ನಮ್ಮವರು ಎಲೆಯಿಂದ ತಲೆ ಎತ್ತದೆ, "ಹೌದು ಅಣ್ಣ" ಅಂದರು.

ಅವರು ಕೈ ತೊಳೆದು ಬಂದ ಮೇಲೆ ಕೋಣೆಯಲ್ಲಿ ಹಿಡಿದೆ.

"ನಿಮ್ಮ ಬಾಯಿಗೆ ಕಡುಬು ತುರುಕಿದ್ರಾ? ಹೌದಂತೆ, ಹೌದು! ಎಂಥದು ಹೌದು?"

"ಮತ್ತೆ ಎಂಥ ಹೇಳುದು ಸುಮತಿ? ಅಮ್ಮನಿಗೆ ಪ್ರಾಯ ಆಯ್ತು. ನಿನಗೆ ಒಂದು ಚೆಂಬು ಎತ್ತಲಿಕ್ಕೆ ಆಗುದಿಲ್ಲ. ಮಗು ಬಿದ್ದರೆ ಎತ್ತುವವರು ಯಾರು?"

ನ್ಯಾಯವಾಗಿಯೇ ಹೇಳಿದ್ದರು. ಆ ನ್ಯಾಯ ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಪೂಜೆಯ ಒಳಗೆ ನಾನು ಮಗುವನ್ನು ಎತ್ತಬೇಕು. ಇಲ್ಲದಿದ್ದರೆ ಅದು ಬೆಹಾಲಾದ ಮಗುವಾಗುತ್ತದೆ. ಅಷ್ಟೇ ವಿಷಯ, ಬೇರೆ ಏನೂ ಇರಲಿಲ್ಲ.

ಮೇಲಿನ ಅಂತಸ್ತಿನಲ್ಲಿ ಒಬ್ಬ ಮುದುಕಿ ಡಾಕ್ಟರು ಇದ್ದರು. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದವರು, ಮದುವೆಯಾಗಿರಲಿಲ್ಲ. ಬಿಳಿ ಸೀರೆ, ಆಸ್ತಮಾದ ಕೆಮ್ಮು, ಚಾಕುವಿನಂಥ ನಾಲಿಗೆ. ಗಲ್ಲಿಯವರೆಲ್ಲ ಅವರನ್ನು ಡಾಕ್ಟರ್ ಮಾಶಿಮಾ ಎಂದು ಕರೆಯುತ್ತಿದ್ದರು. ಚಿಕ್ಕಮ್ಮ ಅನ್ನುವ ಹಾಗೆ. ಒಂದು ಸಂಜೆ ಕರೆಂಟು ಹೋಗಿ ಸೆಖೆ ತಡೆಯಲಾರದೆ ಎಲ್ಲರೂ ತಾರಸಿಗೆ ಹೊರಟಿದ್ದೆವು. ನಾನು ಕಂಬಿ ಹಿಡಿದು ಏಡಿಯಂತೆ ಅಡ್ಡಡ್ಡ ಮೆಟ್ಟಿಲು ಹತ್ತುವುದನ್ನು ಅವರು ತಮ್ಮ ಬಾಗಿಲಲ್ಲಿ ನಿಂತು ನೋಡಿದರು.

"ಬೌಮಾ, ನಿನ್ನ ಎಕ್ಸ್-ರೇ ನಾಳೆ ತಂದು ತೋರಿಸು" ಅಂದರು. ಬೌಮಾ ಎಂದರೆ ಸೊಸೆ. ಅವರು ಹಿಂದಿಗೆ ಬಂಗಾಳಿ ಬೆರೆಸಿ ಮಾತಾಡುತ್ತಿದ್ದರು, ನಾನು ಹಿಂದಿಗೆ ಕನ್ನಡ ಬೆರೆಸಿ. ಹೇಗೋ ನಡೆಯುತ್ತಿತ್ತು.

ಮರುದಿನ ಅವರು ಎಕ್ಸ್-ರೇಗಳನ್ನೆಲ್ಲ ಕಿಟಕಿಯ ಬೆಳಕಿಗೆ ಹಿಡಿದು, ಕಾಲಿನಲ್ಲಿ, ಬೆನ್ನಿನಲ್ಲಿ ಅಲ್ಲಲ್ಲಿ ಒತ್ತಿ, ಬಡಿದು ನೋಡಿದರು. ನಂತರ, "ಇಲ್ಲಿ ಈಗ ಏನೂ ಆಗಿಲ್ಲ. ಆಗಿದ್ದದ್ದು ಯಾವಾಗಲೋ ಮಾಗಿದೆ" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಹಾಗಾದರೆ ನಾನು ಇಷ್ಟು ಕಾಲ ನಾಟಕ ಮಾಡಿದೆನಾ?"

"ನಾಟಕ ಎಂದು ಯಾರು ಹೇಳಿದರು? ನೋವು ಇದೆ. ಅಪಾಯ ಇಲ್ಲ. ಎರಡೂ ಬೇರೆ." ಕೆಮ್ಮು ಬಂದು, ನೀರು ಕುಡಿದು, ಮುಂದುವರಿಸಿದರು. "ರಾಶ್‌ಬಿಹಾರಿ ಕಡೆ ರೈಲಿಗೆಂದು ರಸ್ತೆ ಅಗೆದರಲ್ಲ, ಗುಂಡಿ ಮುಚ್ಚಿ ಎಷ್ಟು ದಿನವಾಯಿತು? ಬೇಲಿ ತೆಗೆದಿದ್ದಾರಾ? ಬಸ್ಸೆಲ್ಲ ಇನ್ನೂ ಸುತ್ತಿಕೊಂಡೇ ಹೋಗುತ್ತಿದೆ. ನಿನ್ನ ಬೆನ್ನಿನದೂ ಅದೇ ಕಥೆ. ನರಗಳು ಹೆದರಲು ಕಲಿತಿವೆ. ಕಲಿತದ್ದನ್ನು ಬಿಡಿಸಬಹುದು. ಸಮಯ ಬೇಕು, ಅಷ್ಟೆ."

"ಪೂಜೆಯ ಒಳಗೆ?"

"ನಾನು ಡಾಕ್ಟರು, ಜ್ಯೋತಿಷಿಯಲ್ಲ" ಅಂದರು ಮಾಶಿಮಾ.

ಮಳೆಗಾಲ ಹಿಡಿಯಿತು. ಅತ್ತೆ ಊಟ ಮಾಡಿ ಮಲಗಿದ ಮೇಲೆ ನಾನು ಮೇಲೆ ಹೋಗುತ್ತಿದ್ದೆ. ಕೆಂಪು ಸಿಮೆಂಟಿನ ತಣ್ಣನೆ ನೆಲದ ಮೇಲೆ ಚಾಪೆ ಹಾಸಿ ಮಲಗಿಸಿ, ಉಸಿರು ಹೊಟ್ಟೆಯವರೆಗೆ ಇಳಿಯಲಿ ಎಂದು ಹೇಳಿ, ಕಾಲ ಬೆರಳಿನಿಂದ ಶುರು ಮಾಡಿ ಮೈಯ ಒಂದೊಂದು ಭಾಗವನ್ನೂ ಸುಮ್ಮನೆ ಗಮನಿಸಲು ಹೇಳುತ್ತಿದ್ದರು. ಸೊಂಟಕ್ಕೆ ಬಂದಾಗ, "ನೋವಿನ ಆಕಾರ ಹೇಗಿದೆ? ಬಿಸಿಯೋ, ತಣ್ಣಗೋ? ಒಂದೇ ಕಡೆ ಇದೆಯೋ?" ಎಂದು ಕೇಳುತ್ತಿದ್ದರು. ನೋವಿಗೆ ಆಕಾರವಂತೆ, ಅದೇನು ಕೋಡುಬಳೆಯೇ ಎಂದು ಒಳಗೇ ಗೊಣಗಿದೆ. ಆದರೆ ನೋಡಲು ಹೋದಾಗ ಒಂದು ವಿಚಿತ್ರವಾಯಿತು. ಇಷ್ಟು ಕಾಲ ಸೊಂಟದ ಎಡಕ್ಕೆ ಮೊಳೆ ಹೊಡೆದಂತಿದ್ದದ್ದು ನಾನು ನೋಡುತ್ತಿದ್ದ ಹಾಗೆ ಸ್ವಲ್ಪ ಜರುಗಿತು. ಮುರಿದ ಮೂಳೆಯ ನೋವಾಗಿದ್ದರೆ ಹಾಗೆ ಜರುಗುತ್ತದೆಯೇ? ನನಗೆ ಹೆದರಿಕೆಯೇ ಆಯಿತು.

ಇನ್ನೊಂದು ದಿನ ಅವರು, "ಹಂಡೆ ಎತ್ತುವ ಮೊದಲು ಏನಾಗಿತ್ತು?" ಎಂದು ಕೇಳಿದರು. ಏನೂ ಇಲ್ಲ ಅಂದೆ. "ಅದಕ್ಕೂ ಮೊದಲು?" ಅಂದರು. ಅದಕ್ಕೂ ಮೊದಲು ನನ್ನ ತಾಯಿ ಸತ್ತಿದ್ದರು. ನನಗೆ ಆಗ ಏಳು ತಿಂಗಳು. ಊರಿಂದ ತಂತಿ ಬಂತು. ಬಸುರಿ ಅಷ್ಟು ದೂರ ರೈಲಿನಲ್ಲಿ ಹೋಗುವುದು ಬೇಡ ಅಂದರು. ಅಳಬಾರದು, ಹೊಟ್ಟೆಯಲ್ಲಿರುವ ಮಗುವಿಗೆ ಆಗುವುದಿಲ್ಲ ಅಂದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಮೂರು ದಿನ ಸೂತಕವೆಂದು ಒಂದು ಕಡೆ ಕೂರಿಸಿದರು, ನಾಲ್ಕನೆಯ ದಿನ ಮಿಂದು ಬಂದು ಹುಳಿಗೆ ಬೆಂಡೆಕಾಯಿ ಹೆಚ್ಚಿದೆ. ಅತ್ತಿರಲಿಲ್ಲ. ಒಳ್ಳೆಯ ಸೊಸೆ ಎಂದು ಎಲ್ಲರೂ ಹೊಗಳಿದ್ದರು.

ಆ ಬೆಂಡೆಕಾಯಿಯ ಮಾತು ಹೇಳುತ್ತಿದ್ದ ಹಾಗೆ ನನ್ನ ತೊಡೆ ನಡುಗಲು ಶುರುವಾಯಿತು, ಆಮೇಲೆ ಹೊಟ್ಟೆ, ಆಮೇಲೆ ದವಡೆ. ಚಾಪೆಯ ಮೇಲೆ ಮುದುಡಿಕೊಂಡು ಅತ್ತುಬಿಟ್ಟೆ. ಹೊರಗೆ ಮಳೆ ಹೊಯ್ಯುತ್ತಿತ್ತು, ಕೆಳಗಿನವರಿಗೆ ಕೇಳಿಸಲಿಲ್ಲ. ಮಾಶಿಮಾ ನನ್ನ ಕಾಲ ಮೇಲೆ ಒಂದು ಹೊದಿಕೆ ಹಾಕಿ ಕಿಟಕಿಯ ಹತ್ತಿರ ಕೂತಿದ್ದರು.

ಅತ್ತ ಕೂಡಲೇ ನೋವು ಹೋಯಿತು ಎಂದು ಬರೆದರೆ ಕೇಳಲು ಚೆನ್ನ. ಹಾಗಾಗಲಿಲ್ಲ. ಮರುದಿನ ಇನ್ನೂ ಜಾಸ್ತಿಯಾಯಿತು. ಮಂಚ ಬಿಟ್ಟು ಏಳಲಾಗಲಿಲ್ಲ. "ನೆಲದ ಮೇಲೆ ಮಲಗಿದರೆ ಮತ್ತೆಂಥ ಆಗ್ತದೆ? ಆ ಮುದುಕಿಗೆ ತಲೆ ಕೆಟ್ಟಿದೆ, ನಿನಗೂ ಕೆಟ್ಟಿತಾ?" ಎಂದು ಅತ್ತೆ ಗೊಣಗಿದರು. ಗಲ್ಲಿಯಲ್ಲಿ ಮೊಣಕಾಲವರೆಗೆ ನೀರು ನಿಂತು ಮನೆಯೊಳಗೆಲ್ಲ ಕೊಳೆತ ವಾಸನೆ. ಹೋಟೆಲು ಮುಚ್ಚಿತ್ತು. ಗೋಡೆಯ ಸುಣ್ಣ ಉಬ್ಬಿ ಉದುರುವುದನ್ನು ನೋಡುತ್ತ ದಿನವಿಡೀ ಮಲಗಿದ್ದೆ. ಸತ್ತರೆ ಒಳ್ಳೆಯದಿತ್ತು ಎಂದು ಮೊದಲ ಸಲ ಅನಿಸಿದ್ದು ಆ ದಿನಗಳಲ್ಲಿ. ವಾಣಿ ಬಾಗಿಲ ಪರದೆ ಹಿಡಿದುಕೊಂಡು ಹೊಸ್ತಿಲಾಚೆ ನಿಂತು ನನ್ನನ್ನೇ ನೋಡುತ್ತಿದ್ದಳು. "ಬಾ ಪುಟ್ಟಾ" ಎಂದರೆ ತಲೆಯಾಡಿಸಿ, "ಅಮ್ಮನಿಗೆ ಲಾಗ್‌ಬೆ" ಅನ್ನುತ್ತಿದ್ದಳು. ನೋವಾಗುತ್ತದೆ ಎನ್ನುವುದಕ್ಕೆ ಅವಳಿಗೆ ಗೊತ್ತಿದ್ದದ್ದು ಬೀದಿಯ ಬಂಗಾಳಿ ಮಾತೇ.

ಒಮ್ಮೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವಳು ಕೇಳಿದಳು: "ದೊಡ್ಡಮ್ಮಾ, ಅಜ್ಜಿಯ ಮಡಿ ಊಟ ಆದಮೇಲೆ ಮುಗೀತದೆ. ಅಮ್ಮನ ಮಡಿ ಯಾವಾಗ ಮುಗೀತದೆ?" ಎಲ್ಲರೂ ಗೊಳ್ಳೆಂದು ನಕ್ಕರು. ಅತ್ತೆ ನಕ್ಕು ನಕ್ಕು ಅನ್ನ ನೆತ್ತಿಗೇರಿ ಕೆಮ್ಮಿದರು. ಕೋಣೆಯೊಳಗೆ ಮಲಗಿದ್ದ ನಾನೂ ನಕ್ಕೆ.

ನೀರು ಇಳಿದ ಮೇಲೆ ಮಾಶಿಮಾ ತಾವೇ ಕೆಳಗೆ ಬಂದು ಮಂಚದ ಪಕ್ಕ ನಿಂತರು. "ಜಾಸ್ತಿಯಾದರೆ ಹಾಳಾಯಿತು ಎಂದಲ್ಲ. ಹಳೆ ರೂಢಿ ಸುಲಭಕ್ಕೆ ಬಿಡುವುದಿಲ್ಲ. ಏಳು" ಅಂದರು. ಅತ್ತೆ ಮುಖ ಸಿಂಡರಿಸಿದರು. ನಾನು ಎದ್ದೆ. ಧೈರ್ಯದಿಂದಲ್ಲ, ಹಟದಿಂದ. ಬೆಹಾಲಾದ ಮನೆಗೆ ಸುಣ್ಣ ಬಳಿಸುತ್ತಿದ್ದಾರೆ ಎಂದು ಅದೇ ದಿನ ಕೇಳಿದ್ದೆ.

ಭಾದ್ರಪದದಲ್ಲಿ ಒಂದು ಬಂದ್ ಬಂತು. ಯಾವುದಕ್ಕೆ ಎಂದು ನೆನಪಿಲ್ಲ. ಆಗ ಬಂದ್‌ಗಳಿಗೆ ಬರವಿರಲಿಲ್ಲ. ಬಸ್ಸಿಲ್ಲ, ಟ್ರಾಮಿಲ್ಲ. ಸದರ್ನ್ ಅವೆನ್ಯೂ ಬೋಳು ಅಂಗಳದಂತೆ ಬಿದ್ದಿತ್ತು. ನಟ್ಟನಡುವೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. "ಇವತ್ತು ಯಾರೂ ನಿನ್ನನ್ನು ನೂಕುವುದಿಲ್ಲ, ನಡೆ" ಎಂದು ಮಾಶಿಮಾ ನನ್ನನ್ನು ರಸ್ತೆಯ ಮಧ್ಯಕ್ಕೆ ಕರೆದುಕೊಂಡು ಹೋದರು. ಸೊಂಟದ ಪಟ್ಟಿ ಬಿಚ್ಚಿಸಿದ್ದರು. ನೋವು ಬಂತು. ಬಂದದ್ದನ್ನು ನೋಡಿದೆ, ಓಡಿಸಲು ಹೋಗಲಿಲ್ಲ. ಉಸಿರು ಬಿಟ್ಟೆ. ಅವೆನ್ಯೂವಿನ ಪಕ್ಕದ ಸರೋವರದವರೆಗೆ ನಡೆದು, ಅಲ್ಲೊಂದು ಬೆಂಚಿನ ಮೇಲೆ ಕೂತಾಗಲೇ ಗೊತ್ತಾದದ್ದು, ಅರ್ಧ ದಾರಿ ನಾನು ನೋವನ್ನು ಮರೆತು ಆ ಹುಡುಗರು ರನ್ ಔಟಿಗೆ ಜಗಳವಾಡುವುದನ್ನು ನೋಡುತ್ತ ಬಂದಿದ್ದೆ. ಬೆಂಚಿನ ಮೇಲೆ ಕೂತು ಹುಚ್ಚಿಯ ಹಾಗೆ ನಕ್ಕೆ. ಆ ಮಳೆಗಾಲದಲ್ಲಿ ನನಗೆ ಸಿಕ್ಕ ಒಂದೇ ಒಂದು ಸುಖದ ದಿನ ಅದು.

ಅಲ್ಲಿಂದ ಮುಂದೆ ಕದ್ದು ಅಭ್ಯಾಸ. ಹೋಟೆಲಿನ ಸಾಮಾನು ಇಡುವ ಕೋಣೆ ಮನೆಯ ಹಿಂಬದಿಗಿತ್ತು. ಮೊದಲು ಖಾಲಿ ಕೊಡಪಾನ ಎತ್ತಿದೆ. ಆಮೇಲೆ ಅರ್ಧ ನೀರು ತುಂಬಿ. ಆಮೇಲೆ ತೆಂಗಿನಕಾಯಿಯ ಬುಟ್ಟಿ. ಪ್ರತಿಸಲವೂ ಬಗ್ಗುವ ಮೊದಲು ಒಳಗಿನಿಂದ ಬೇಡ ಬೇಡ ಎಂದು ಒಂದು ಕೂಗು ಏಳುತ್ತಿತ್ತು. ಅದು ಇಳಿಯುವವರೆಗೆ ನಿಂತು, ಉಸಿರು ಬಿಟ್ಟು, ಬಗ್ಗುತ್ತಿದ್ದೆ. ಕೊನೆಗೆ ವಾಣಿಯ ತೂಕಕ್ಕೆ ಅಂದಾಜಾಗಿ ಒಂದು ಚೀಲಕ್ಕೆ ಉದ್ದು ತುಂಬಿ ಬಾಯಿ ಹೊಲಿದೆ. ಅದನ್ನು ನೆಲದಿಂದ ಎತ್ತಿ, ಎದೆಗೊತ್ತಿ, ಸೊಂಟದ ಮೇಲೆ ಕೂರಿಸಿಕೊಂಡು ಆ ಕತ್ತಲ ಕೋಣೆಯಲ್ಲಿ ಆಚೆ ಈಚೆ ನಡೆಯುತ್ತಿದ್ದೆ. ಹಾಡನ್ನೂ ಹೇಳುತ್ತಿದ್ದೆ, ಯಾರಿಗೂ ಕೇಳದ ಹಾಗೆ.

ಮಗುವನ್ನೇ ಯಾಕೆ ಎತ್ತಲಿಲ್ಲ ಎಂದು ನೀವು ಕೇಳಬಹುದು. ಎತ್ತುವಾಗ ಎಲ್ಲಾದರೂ ಚಳಕ್ ಎಂದು ಕೈ ಬಿಟ್ಟರೆ? ಮತ್ತೆ ಒಂದು ಸಲ ಎಲ್ಲರೂ "ನೋಡಿದಿಯಾ, ಹೇಳಿದ್ದೆವು" ಅಂದರೆ? ಪೂರ್ತಿ ಗಟ್ಟಿಯಾದ ಮೇಲೆ, ಎಲ್ಲರ ಎದುರಿಗೆ, ಒಂದೇ ಸಲ ಎತ್ತಿ ತೋರಿಸುತ್ತೇನೆ ಎಂದುಕೊಂಡಿದ್ದೆ.

ಹಾಲೆ ಮರ ಅರಳುವ ಹೊತ್ತಿಗೆ ನನ್ನ ಬೆನ್ನು ನನ್ನದಾಗಿತ್ತು. ನವರಾತ್ರಿಯ ಅಡಿಗೆಗೆ ಅತ್ತೆಯ ಜೊತೆ ಮಿಂದು ನಿಂತೆ. ಕಲ್ಲಿನ ಮುಂದೆ ಕೂತು ರುಬ್ಬಿದೆ, ನಲ್ಲಿಯಿಂದ ಕೊಡಪಾನದಲ್ಲಿ ನೀರು ಹೊತ್ತೆ. ಅತ್ತೆ ಬಾಯಿ ಬಿಟ್ಟು ನೋಡಿ, "ಕಾಳಿಘಾಟಿನ ದಾರ ಕೆಲಸ ಮಾಡಿತು" ಅಂದರು. ನಮ್ಮವರು ನಾನು ನೀರು ಹೊರುವುದನ್ನು ಕಂಡು ಹಿತ್ತಲಲ್ಲಿ ಹೋಗಿ ನಿಂತುಬಿಟ್ಟರು. ಕಣ್ಣು ಕೆಂಪಾಗಿತ್ತು. ಕೇಳಿದರೆ ಹೊಗೆ ಅಂದರು.

"ಮಗು ಇಲ್ಲೇ ಇರ್ಲಿ" ಎಂದು ನಾನು ಭಾವನ ಎದುರು ಮೊದಲ ಸಲ ಬಾಯಿ ತೆರೆದೆ.

ಭಾವ ಕೆಟ್ಟವರಲ್ಲ. "ನಿನ್ನ ಮಗು, ನಿನ್ನ ಇಷ್ಟ. ನಿನಗೆ ಆಗ್ತದೆ ಅಂತಾದರೆ ನಮ್ಮದೆಂಥದು?" ಅಂದರು. ಕಮಲಕ್ಕ ತಿರುಗಿ ಅಡಿಗೆಮನೆಗೆ ಹೋದರು. 

ವಿಜಯದಶಮಿಯ ಬೆಳಿಗ್ಗೆ ಸಾಮಾನು ಹೇರಿದ ಟೆಂಪೋ ಮುಂದೆ ಹೋಗಿ, ಬಾಗಿಲಲ್ಲಿ ಟ್ಯಾಕ್ಸಿ ನಿಂತಿತ್ತು. ಬೀದಿಯ ಪೂಜೆಯ ಮಂಟಪದಲ್ಲಿ ಢಾಕ್ ಎಂಬ ದೊಡ್ಡ ಡೋಲು ಬಡಿಯುತ್ತಿದ್ದರು. ಕಮಲಕ್ಕ ನಡುಮನೆಯಲ್ಲಿ ವಾಣಿಗೆ ಮುತ್ತಿಟ್ಟು, "ನೀನು ಅಮ್ಮನ ಹತ್ತಿರ ಇರು, ಆಯ್ತಾ? ದೊಡ್ಡಮ್ಮ ಭಾನುವಾರ ಬರ್ತೇನೆ" ಅಂದರು. ಮಗು ಅವರ ಸೀರೆ ಹಿಡಿದು ಅಳಲು ಶುರುಮಾಡಿತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಮುಂದೆ ಹೋಗಿ, ಉಸಿರು ಬಿಟ್ಟು, ಬಗ್ಗಿ, ಮಗಳನ್ನು ಎತ್ತಿಕೊಂಡೆ.

ನೋವಿಲ್ಲ. ಒಂದು ಎಳೆ ನೋವಿಲ್ಲ. ಅವಳ ತೂಕ ನನ್ನ ಸೊಂಟದ ಮೇಲೆ ಕೂತಿತು. ಎಣ್ಣೆ ಹಚ್ಚಿದ ತಲೆಯ ವಾಸನೆ, ಬಿಸಿ ಬಿಸಿ ಕತ್ತು. ದೇವರೇ, ಇದಕ್ಕಾಗಿ ಎಷ್ಟು ಕಾದಿದ್ದೆ.

ಆದರೆ ಅವಳ ಅಳು ನಿಂತುಹೋಗಿತ್ತು. ಕೊರಡಿನ ಹಾಗೆ ಸೆಟೆದಿದ್ದಳು. ಉಸಿರೂ ಬಿಡುತ್ತಿರಲಿಲ್ಲ. ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದಳು, ನನ್ನ ಮೈಗೆ ತಾಗದ ಹಾಗೆ. ಕಣ್ಣು ಕಮಲಕ್ಕನ ಕಡೆಗಿತ್ತು. ನಡುಗುವ ದನಿಯಲ್ಲಿ ಚೀರಿದಳು:

"ದೊಡ್ಡಮ್ಮಾ, ನಾನು ಮುಟ್ಟಲಿಲ್ಲ! ಅಮ್ಮನೇ ಮುಟ್ಟಿದ್ದು! ನಾನು ಮುಟ್ಟಲೇ ಇಲ್ಲ!"

ನನ್ನ ಸೊಂಟದ ಮೇಲೆ ಬಿಸಿಯಾಗಿ ಹರಿಯಿತು. ಹೆದರಿ ಉಚ್ಚೆ ಹೊಯ್ದುಕೊಂಡಿದ್ದಳು.

ಯಾರಿಗೂ ನಗು ಬರಲಿಲ್ಲ. "ಏನಿಲ್ಲ ಪುಟ್ಟಾ, ಅಮ್ಮನಿಗೆ ಈಗ ನೋವಿಲ್ಲ, ನೋಡು, ನೋಡು" ಎಂದು ಅವಳ ಒಂದು ಕೈ ಹಿಡಿದು ನನ್ನ ಬೆನ್ನಿನ ಮೇಲೆ ಇಡಲು ಹೋದೆ. ಅವಳು ಕೆಂಡ ಕಂಡವಳ ಹಾಗೆ ಕೈ ಕಿತ್ತುಕೊಂಡು, "ಅಮ್ಮ ಹೋಗಿಬಿಡ್ತಾಳೆ, ಅಮ್ಮ ಹೋಗಿಬಿಡ್ತಾಳೆ" ಎಂದು ಬಿಕ್ಕಿದಳು. ಉದ್ದಿನ ಚೀಲ ಒಂದು ದಿನವೂ ನನಗೆ ಹೆದರಿರಲಿಲ್ಲ. ನಾನು ನನ್ನ ಹೆದರಿಕೆಯನ್ನು ಬಿಡಿಸಿಕೊಂಡಿದ್ದೆ, ಸರಿ. ಅದು ಅವಳೊಳಗೂ ಬೇರು ಬಿಟ್ಟಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಅವಳು ಹುಟ್ಟಿದಂದಿನಿಂದ ಕಲಿತದ್ದು ಅದೊಂದನ್ನೇ.

ಇಳಿಸಿದೆ. ಇಳಿದವಳು ಓಡಲಿಲ್ಲ. ಎರಡು ಹೆಜ್ಜೆ ಹಿಂದೆ ನಿಂತು ನನ್ನ ಮುಖವನ್ನೇ ನೋಡಿದಳು, ನಾನು ಈಗ ಬೀಳುತ್ತೇನೋ, ಇನ್ನೊಂದು ಗಳಿಗೆಗೆ ಬೀಳುತ್ತೇನೋ ಎಂದು. ಆಮೇಲೆ ಕಮಲಕ್ಕನ ಮಡಿಲಿಗೆ ಹೋಗಿ ಮುಖ ಹುದುಗಿಸಿದಳು.

"ನಿನ್ನ ಬೆನ್ನಿಗೆ ಏನೂ ಆಗಬಾರದು ಅಂತಲೇ ನಾನು ಹೇಳಿಕೊಟ್ಟದ್ದು ಸುಮತಿ. ದೇವರಾಣೆ, ಅದಕ್ಕೇ ಹೇಳಿಕೊಟ್ಟದ್ದು" ಎಂದು ಕಮಲಕ್ಕ ಅಳುತ್ತ ಅಂದರು.

"ಗೊತ್ತುಂಟು ಅಕ್ಕ" ಅಂದೆ. ನಿಜವಾಗಿಯೂ ಗೊತ್ತಿತ್ತು. ಯಾರನ್ನು ಬೈಯಲಿ? ನುಂಗಲಾರದ ತುತ್ತು, ಉಗುಳಲಾರದ ತುತ್ತು. ಈ ಸ್ಥಿತಿಯಲ್ಲಿ ಮಗುವನ್ನು ಎಳೆದು ಇಟ್ಟುಕೊಂಡರೆ ಅದು ನನ್ನ ಜೊತೆ ದಿನವಿಡೀ ಗೋಡೆಗೆ ಅಂಟಿಕೊಂಡು ಬದುಕುತ್ತದೆ. "ಕರಕೊಂಡು ಹೋಗಿ ಅಕ್ಕ. ಬಟ್ಟೆ ಬದಲಿಸಿ ಕರಕೊಂಡು ಹೋಗಿ."

ನಮ್ಮವರು ಏನೋ ಹೇಳಲು ಬಾಯಿ ತೆರೆದರು, ನಾನು ಬೇಡವೆಂದು ಕೈ ಮಾಡಿದೆ. ಟ್ಯಾಕ್ಸಿ ಹೋಯಿತು. ಭಾವನ ಹಿಂದೆ ಟ್ಯಾಕ್ಸಿಯ ಗಾಜಿನಲ್ಲಿ ವಾಣಿಯ ತಲೆ ಕಂಡಿತು, ಆಮೇಲೆ ಮೂರ್ತಿ ಹೊತ್ತ ಲಾರಿಯೊಂದು ಅಡ್ಡ ಬಂದು ಕಾಣಲಿಲ್ಲ.

ನಡುಮನೆಯ ನೆಲದ ಮೇಲೆ ಮಗು ಹೊಯ್ದ ಉಚ್ಚೆ ಇತ್ತು. ಬಟ್ಟೆ ತಂದು, ಬಗ್ಗಿ, ಕೂತು, ಒರೆಸಿದೆ. ಬಕೆಟ್ಟು ಎತ್ತಿಕೊಂಡು ಹೋಗಿ ಚೆಲ್ಲಿ ಬಂದು ಇನ್ನೊಮ್ಮೆ ಒರೆಸಿದೆ. ಅತ್ತೆ, "ಬಿಡು ಮಾರಾಯ್ತಿ, ಸಾಕು, ಮಲಗು ಹೋಗು" ಅಂದರು. ಮಂಚದ ಮೇಲೆ ಮಲಗಿ ನೋವು ಬರುತ್ತದೆಂದು ಕಾದೆ. ಇಷ್ಟೆಲ್ಲ ಆದ ಮೇಲೆ ಬರದೆ ಇರುತ್ತದೆಯೇ? ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ. ಬರಲಿಲ್ಲ. ಬಂದಿದ್ದರೆ, ಬೆನ್ನು ನೋವು ಅಂತ ಹೇಳಿಯಾದರೂ ಗಟ್ಟಿಯಾಗಿ ಅಳಬಹುದಿತ್ತು.